ಬಿಸಿಲಿನಲ್ಲಿ ಬಂದ ನೆರೆ

ಕಳೆದ ಶುಕ್ರವಾರ ನಾನು ಓಡುತ್ತಿದ್ದ ಕಾರಿನ ಹ್ಯಾಂಡ್‌ಬ್ರೇಕ್ ಎಳೆದೆ. ಓಡಿಸುತ್ತಿದ್ದವರು ನನ್ನ ಗಂಡನ ಅಣ್ಣ. ಅವರು ಈಗ ನನ್ನೊಡನೆ ಮಾತು ಬಿಟ್ಟಿದ್ದಾರೆ. (ಬಿಡಲಿ.)

ಭಾವ ಇರುವುದು ಒಮಾನಿನ ನಿಜ್ವಾದಲ್ಲಿ. ಗಂಡನಿಗೆ ಡ್ಯೂಟಿ ಇತ್ತು, ಹಾಗಾಗಿ ನಾವಿರುವ ಅಲ್ ಖೌದ್‌ನಿಂದ ನಾನೊಬ್ಬಳೇ ವೀಕೆಂಡಿಗೆ ಅವರ ಮನೆಗೆ ಹೋಗಿದ್ದೆ. ಊಟ ಮುಗಿಸಿ ಬೆಟ್ಟದ ಬುಡದ ಹಳ್ಳಿಯೊಂದನ್ನು ನೋಡಲು ಹೊರಟೆವು. ಬೆಳಗ್ಗೆಯೇ ಮೊಬೈಲಿಗೆ ಅಲರ್ಟ್ ಬಂದಿತ್ತು: ಬೆಟ್ಟದ ಕಡೆ ಭಾರೀ ಮಳೆ, ವಾದಿ ದಾಟಬೇಡಿ. ವಾದಿ ಎಂದರೆ ವರ್ಷವಿಡೀ ಒಣಗಿ ಬಿದ್ದಿರುವ ಕಲ್ಲುಹಾದಿ, ಮಳೆ ಬಂದ ದಿನ ನದಿ.

"ಎಂತ ಮಳೆ ಮಾರಾಯ್ತಿ, ಬಿಸಿಲು ನೋಡು," ಎಂದರು ಭಾವ.

ವಾಪಸು ಬರುವಾಗಲೂ ಬಿಸಿಲೇ. ಆದರೆ ಹೋಗುವಾಗ ಒಣಗಿದ್ದ ವಾದಿಯಲ್ಲಿ ಈಗ ನೀರು, ರಸ್ತೆಯ ಮೇಲೆಯೇ ಹರಿಯುತ್ತಿತ್ತು. ಕೆಂಪು ನೀರು. ಹಿಂದಿರುಗಿ ನೋಡಿದೆ. ಬೆಟ್ಟದ ತುದಿ ಕಾಣುತ್ತಿರಲಿಲ್ಲ, ಅಲ್ಲಿ ಮಸಿಯಂಥ ಮೋಡ.

"ನಿಲ್ಲಿಸಿ ಭಾವ."

"ಇಷ್ಟು ನೀರಿಗೆ ಹೆದರ್ಲಿಕ್ಕೆ ಎಂತ ಉಂಟು? ಉಡುಪಿಯವರಿಗೆ ಮಳೆ ಕಲಿಸ್ತೀಯಾ?"

ಆಚೆ ದಡದಲ್ಲಿ ಒಬ್ಬ ಒಮಾನಿ ಎರಡೂ ಕೈ ಬೀಸುತ್ತಿದ್ದ. "ನೋಡು, ಬರ್ಲಿಕ್ಕೆ ಹೇಳ್ತಿದ್ದಾನೆ," ಎಂದರು ಭಾವ! ಹಿಂದಿನ ಸೀಟಿನಲ್ಲಿ ಭಾವನ ಹೆಂಡತಿ, ನಾನು ಅಕ್ಕ ಎನ್ನುವವರು, ಅವರ ತೊಡೆಯ ಮೇಲೆ ಮಲಗಿದ್ದ ಏಳು ವರ್ಷದ ಮಗಳು. ಕಾರು ನಿಧಾನವಾಗಿ ನೀರಿನತ್ತ ಇಳಿಯಿತು. ಆಗಲೇ ನಾನು ಬ್ರೇಕ್ ಎಳೆದದ್ದು.

"ತಲೆ ಸರಿ ಉಂಟಾ ನಿನಗೆ?" ಭಾವ ಕಿರುಚಿದರು. ನಾನು ಇಳಿದು, ಹಿಂದಿನ ಬಾಗಿಲು ತೆರೆದು, ಮಗುವನ್ನು ಎತ್ತಿಕೊಂಡೆ. "What happened, Chikkamma?" ಎಂದಿತು ನಿದ್ದೆಗಣ್ಣಿನಲ್ಲಿ. ಅಕ್ಕನೂ ಇಳಿದರು. ಭಾವ ಬೈಯುತ್ತಲೇ ಕಾರನ್ನು ರಿವರ್ಸ್ ತೆಗೆದರು.

ಅಷ್ಟರಲ್ಲಿ ನಮ್ಮ ಹಿಂದಿದ್ದ ಬಿಳಿ ಕಾರೊಂದು ಹಾರ್ನ್ ಹೊಡೆದು, ಪಕ್ಕದಿಂದ ನುಗ್ಗಿ ನೀರಿಗಿಳಿಯಿತು. ನಡುವೆ ಎಂಜಿನ್ ನಿಂತಿತು. ಒಳಗಿದ್ದ ಇಬ್ಬರು ಕಿಟಕಿಯಿಂದ ತೂರಿ ಟಾಪ್ ಮೇಲೆ ಹತ್ತಿದರು. ಕೈ ಬೀಸುತ್ತಿದ್ದ ಆ ಒಮಾನಿ ತನ್ನ ಲ್ಯಾಂಡ್‌ಕ್ರೂಸರ್‌ಗೆ ಹಗ್ಗ ಕಟ್ಟಿ ಎಸೆದ. ಇಬ್ಬರನ್ನೂ ಒಬ್ಬೊಬ್ಬರಾಗಿ ದಡಕ್ಕೆ ಎಳೆದುಕೊಂಡ. ಎರಡನೆಯವನ ಕಾಲು ದಡಕ್ಕೆ ತಾಗಿತೋ ಇಲ್ಲವೋ, ಮೇಲಿನಿಂದ ಗುಡುಗಿನಂಥ ಸದ್ದು. ಬೇರುಸಮೇತ ಮರ, ಕಲ್ಲು, ಯಾರದೋ ನೀರಿನ ಟ್ಯಾಂಕ್, ಎಲ್ಲ ಹೊತ್ತುಕೊಂಡು ನೆರೆ ಬಂತು. ಬಿಳಿ ಕಾರು ಬೆಂಕಿಪೆಟ್ಟಿಗೆಯ ಹಾಗೆ ಉರುಳುತ್ತಾ ಹೋಯಿತು.

ನಮ್ಮ ತಲೆಯ ಮೇಲೆ ಆಗಲೂ ಒಂದು ಹನಿ ಬಿದ್ದಿರಲಿಲ್ಲ.

ಇದರಲ್ಲಿ ಮಾಯಮಂತ್ರ ಏನಿದೆ? ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ವಾಯುಭಾರ ಕುಸಿತಗಳು ಇತ್ತ ಸರಿಯುತ್ತವೆ. ತೇವದ ಗಾಳಿ ಹಜರ್ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ತಣ್ಣಗಾಗುತ್ತದೆ, ಹೊತ್ತದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ನಮ್ಮೂರಿನ ಮಣ್ಣು, ಗದ್ದೆ, ಕಾಡು ನೀರು ಕುಡಿಯುತ್ತವೆ. ಇಲ್ಲಿಯದು ಬೋಳು ಬಂಡೆ, ಕುಡಿಯುವವರಾರು? ಬೆಟ್ಟದ ನೀರೆಲ್ಲ ಒಂದೇ ವಾದಿಗೆ ಬಂದು ಬೀಳುತ್ತದೆ.

ಮಳೆಯ ಮೇಲೆ ನನಗೆ ಸಿಟ್ಟಿಲ್ಲ. ನಿಜ್ವಾದ ಖರ್ಜೂರದ ತೋಟಗಳು ಬದುಕಿರುವುದೇ ಬೆಟ್ಟದ ಈ ನೀರಿನಿಂದ. ಸಿಟ್ಟಿರುವುದು ಕರಾವಳಿಯಲ್ಲಿ ಹುಟ್ಟಿದ್ದೇ ಹವಾಮಾನದ ಡಿಗ್ರಿ ಎಂದುಕೊಂಡವರ ಮೇಲೆ. ವಾದಿ ದಾಟಿದರೆ ಇಲ್ಲಿ ಪೊಲೀಸ್ ಕೇಸ್. ಅದು ಗೊತ್ತಿದ್ದೂ ಇಳಿಯುತ್ತಾರಲ್ಲ! ಸ್ವಂತ ಜೀವವಾದರೆ ಅವರಿಷ್ಟ. ನಿದ್ದೆ ಮಾಡುತ್ತಿರುವ ಮಗುವನ್ನು ಯಾವ ಹಕ್ಕಿನಿಂದ ಕರೆದೊಯ್ಯುತ್ತಾರೆ?

ನನ್ನನ್ನು ಇನ್ನೂ ಉರಿಸಿದ್ದು ಮರುದಿನದ ಫ್ಯಾಮಿಲಿ ಗ್ರೂಪ್. ನೆರೆಯ ವಿಡಿಯೋ ಹಾಕಿ ಭಾವ ಬರೆದಿದ್ದರು: "ಸಮಯಕ್ಕೆ ಸರಿಯಾಗಿ ಗಾಡಿ ನಿಲ್ಲಿಸಿದೆ. ದೇವರು ದೊಡ್ಡವನು." ಕೆಳಗೆ ಸಾಲುಸಾಲು ಕೈಮುಗಿದ ಇಮೋಜಿ. ಅಕ್ಕನದೂ ಒಂದು! ನನಗೆ ಪ್ರತ್ಯೇಕವಾಗಿ ಬಂದದ್ದು ಅತ್ತೆಯ ವಾಯ್ಸ್ ಮೆಸೇಜ್: "ಗಂಡಸರು ಗಾಡಿ ಓಡಿಸುವಾಗ ಕೈ ಹಾಕಬಾರದು ಮಗಾ."

ಭಾವಾ, ಈ ಅಂಕಣ ನೀವು ಓದುತ್ತೀರಿ ಎಂದು ಗೊತ್ತು. ಮುಂದಿನ ಮಳೆಗೆ ಹಿಂದಿನ ಸೀಟಿನಲ್ಲಿ ಯಾರನ್ನು ಮಲಗಿಸಿಕೊಂಡು ಹೊರಡುತ್ತೀರಿ?