ಅವ್ವನ ಸೆರಗಿನ ಪರದೇಶಿ

ಅಪ್ಪನ ನಂತರ ಅವ್ವನೂ ಹೋದ ಮೇಲೆ ಅವಳ ಟ್ರಂಕು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ನೀವೂ ಇಂಥ ಕೆಲಸ ಮಾಡಿದ್ದರೆ ಬಲ್ಲಿರಿ, ಮೊದಲು ಬರುವುದು ಅಳುವಲ್ಲ. ಡಾಂಬರು ಗುಳಿಗೆಯ ವಾಸನೆಗೆ ಸೀನು. ಸೀನಿ, ಕಣ್ಣೊರೆಸಿಕೊಂಡು ನೋಡಿದರೆ ಮೇಲೆಯೇ ಇತ್ತು ಅವಳ ಇಳಕಲ್ ಸೀರೆ. ಸೆರಗು ಹೆಗಲಿಗೆ ಬರುವ ಕಡೆ ಸಣ್ಣ ತೂತುಗಳು. ನುಸಿ ತಿಂದದ್ದಲ್ಲ, ಪಿನ್ನು ಚುಚ್ಚಿದ್ದು.

"ರಫೂ ಮಾಡಿಸಿ ಯಾರಿಗರೆ ಕೊಟ್ಟುಬಿಡೋಣೇನು?" ಎಂದಳು ತಂಗಿ. ನಾನು ಆ ತೂತುಗಳ ಮೇಲೆ ಬೆರಳಾಡಿಸಿದೆ.

ಅಪ್ಪ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಹೇಸರಗತ್ತೆಯ ಗಾಡಿ ಹೊಡೆದವನು. ಗುಂಡು ಬೀಳುವಾಗ ಕೆಸರಿನಲ್ಲಿ ಹುಗಿದ ಗಾಡಿಯನ್ನು, ಅದರಲ್ಲಿದ್ದ ಗಾಯಾಳುಗಳ ಸಮೇತ, ಎಳೆದು ತಂದನೆಂದು ಆ ದೇಶದವರು ಅವನಿಗೊಂದು ಪದಕ ಕೊಟ್ಟಿದ್ದರು. ಪಿಂಚಣಿಯಾಗಿ ಹುಬ್ಬಳ್ಳಿಗೆ ಬಂದ ಮೇಲೆ ಅವನ ಖಾಕಿ ಕೋಟಿನ ಮೇಲೆ ನಮ್ಮ ಸರ್ಕಾರದ ಪದಕಗಳು ಸಾಲಾಗಿ ತೂಗುತ್ತಿದ್ದವು. ಫ್ರಾನ್ಸಿನದು ಮಾತ್ರ ಗೋಡೆಯ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕ. ಬೇರೆ ದೇಶದ ಪದಕವನ್ನು ಸಮವಸ್ತ್ರದ ಮೇಲೆ ಧರಿಸಲು ನಮ್ಮ ಸರ್ಕಾರದ ಅಪ್ಪಣೆ ಬೇಕು. ಅಪ್ಪಣೆ ಸಿಕ್ಕರೂ ಅದರ ಜಾಗ ಸಾಲಿನ ಕೊನೆಗೆ. ಅಪ್ಪ ಅರ್ಜಿ ಹಾಕಿ ಕಾಯುತ್ತಿದ್ದ.

"ಪಾಪ, ಪರದೇಶಿ ಅದು," ಎನ್ನುತ್ತಿದ್ದಳು ಅವ್ವ. ನಮ್ಮ ಕಡೆ ಪರದೇಶಿ ಎಂದರೆ ಹೊರದೇಶದವನೂ ಹೌದು, ಹೆತ್ತವರಿಲ್ಲದ ಅನಾಥನೂ ಹೌದು. ಜಾಣೆಯಾದ ನಾನು ಎರಡನೆಯ ಅರ್ಥವನ್ನೇ ಹಿಡಿದೆ. ಊಟಕ್ಕೆ ಮುಂಚೆ ಕದ್ದು ಹೋಗಿ ಪದಕದ ಮುಂದೆ ಒಂದು ಚೂರು ರೊಟ್ಟಿ ಇಟ್ಟು ಬರುತ್ತಿದ್ದೆ. ಇರುವೆಗಳು ಬಹಳ ಸುಖಪಟ್ಟವು.

ಒಂದು ಚಳಿಗಾಲ ಧಾರವಾಡದ ಮೈದಾನದಲ್ಲಿ ಪಿಂಚಣಿಯಾದ ಸಿಪಾಯಿಗಳ ಕೂಟವಿತ್ತು. ಆ ಕೆಸರನ್ನು ಕಂಡಿದ್ದ ಗೆಳೆಯರಲ್ಲಿ ಉಳಿದವರೇ ಕೆಲವರು. ಅವರೆದುರು ಒಮ್ಮೆಯಾದರೂ ಆ ಪದಕ ಧರಿಸಬೇಕೆಂಬುದು ಅಪ್ಪನ ಆಸೆ. ಬೆಳಿಗ್ಗೆ ಕನ್ನಡಿಯ ಮುಂದೆ ಅದನ್ನು ಕೋಟಿಗೆ ಹಿಡಿದು ನೋಡಿದ, ಮತ್ತೆ ಕೆಳಗಿಟ್ಟ.

"ಹಾಕ್ಕೊಳ್ರಲಾ, ಯಾರು ನೋಡ್ತಾರ?" ಎಂದಳು ಅವ್ವ.

"ಹುಚ್ಚಿ, ನೋಡ್ಲಿ ಅಂತನ ಹಾಕ್ಕೊಳ್ಳೂದು! ಸಮವಸ್ತ್ರಕ್ಕ ಕಾಯ್ದೆ ಐತಿ."

"ಕಾಯ್ದೆ ನಿಮ್ಮ ಕೋಟಿಗೆ. ನನ್ನ ಸೀರಿಗೆ?"

ಅಪ್ಪ ಬಹಳ ಹೊತ್ತು ಯೋಚಿಸಿದ. ಕಾಯ್ದೆಯಲ್ಲಿ ಇಳಕಲ್ ಸೀರೆಯ ಪ್ರಸ್ತಾಪವಿರಲಿಲ್ಲ. ಅವನೇ ಅವಳ ಸೆರಗಿಗೆ ಪದಕದ ಪಿನ್ನು ಚುಚ್ಚಿದ.

ಮೈದಾನದಲ್ಲಿ ಅಪ್ಪ ಸಾಲಿನಲ್ಲಿ ನಿಂತ, ನಾವು ಹೆಂಗಸರ ಕಡೆ. ಸಾಲು ನೋಡಿ ಮುಗಿಸಿ ಬಂದ ದೊಡ್ಡ ಸಾಹೇಬ ಅವ್ವನ ಹೆಗಲು ಕಂಡು ನಿಂತುಬಿಟ್ಟ.

"ಬಾಯಾರ, ಇದು ಯಾರದ್ರೀ?" ಎಂದು ಜೊತೆಗಿದ್ದ ಸುಬೇದಾರ ಕೇಳಿದ.

"ನಮ್ಮ ಮನಿಯವರದ್ರೀ. ಅವರ ಕೋಟಿನ ಮ್ಯಾಲ ಇದಕ್ಕ ಜಾಗಾ ಇಲ್ಲಂತ್ರಿ. ಪರದೇಶಿ ಅಂತ ಬಿಡಾಕ ಆಕ್ಕೈತೇನ್ರಿ? ನಾನ ಸಾಕ್ಕೊಂಡೇನಿ."

ಸುಬೇದಾರ ಅದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಿದನೋ ಕಾಣೆ. ಸಾಹೇಬ ಕಾಲು ಜೋಡಿಸಿ ಅವ್ವನಿಗೆ ಸೆಲ್ಯೂಟ್ ಹೊಡೆದ. ಅವಳು ಗಾಬರಿಯಾಗಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಪದಕ ಕಿವಿಯ ಬಳಿ ಝುಮಕಿಯಂತೆ ತೂಗಾಡಿತು. ಆಚೆ ಸಾಲಿನಿಂದ ಅಪ್ಪನ ಹಳೆಯ ಗೆಳೆಯನೊಬ್ಬ ಶಿಸ್ತು ಮರೆತು ಕೂಗಿದ: "ಏ, ಅದು ಕೆಸರಿನ ಗಾಡೀದಲ್ಲೇನೋ!" ಅಪ್ಪ ಕತ್ತು ತಿರುಗಿಸಲಿಲ್ಲ. ಮೀಸೆ ಮಾತ್ರ ಅಲುಗಿತು.

ರೈಲಿನಲ್ಲಿ ಮರಳುವಾಗ ಗೊಣಗಿದ: "ಗಾಡಿ ಎಳದಾಂವ ನಾನು, ಸಲಾಮು ನಿನಗ!"

"ಮತ್ತ ನಿಮ್ಮನ್ನ ಇಷ್ಟು ವರ್ಷ ಎಳಕೊಂಡು ಬಂದಾಕಿ ಯಾರು?"

ಡಬ್ಬಿಯವರೆಲ್ಲ ನಕ್ಕರು. ಅಪ್ಪಣೆ ಕೊನೆಗೂ ಬರಲಿಲ್ಲ. ಆಮೇಲೆ ಅಪ್ಪ ಅದನ್ನು ಕೇಳಲೂ ಇಲ್ಲ.

ಸೀರೆಯ ಮಡಿಕೆಯಲ್ಲೇ ಪದಕವೂ ಸಿಕ್ಕಿತು. ಸೀರೆ ಹೊದ್ದುಕೊಂಡು, ಹಳೆಯ ತೂತುಗಳಲ್ಲೇ ಪಿನ್ನು ಹಾಕಿದೆ.

"ಏನಿದು ವೇಷ?" ಎಂದಳು ತಂಗಿ.

"ಇನ್ನ ನಾವೂ ಪರದೇಶಿನ ಅಲ್ಲೇನ?"

"ಮೊಮ್ಮಕ್ಕಳನ್ನ ಕಂಡಾಕಿ, ಪರದೇಶಿ ಅಂತ! ಉಣ್ಣಾಕ ಬಾ."

ಪದಕ ತೆಗೆಯದೆ ಹಾಗೆಯೇ ಹೋಗಿ ಕುಳಿತೆ. ತಂಗಿ ರೊಟ್ಟಿ ಬಡಿಸಿದಳು. ಆಮೇಲೆ, ನನ್ನ ಮುಖ ನೋಡದೆ, ಒಂದು ಚೂರು ಮುರಿದು ಮೊದಲು ಪದಕದ ಹತ್ತಿರ ಹಿಡಿದಳು. ಆಗ ಗೂಡಿನಲ್ಲಿ ರೊಟ್ಟಿ ಇಡುತ್ತಿದ್ದವಳು ನಾನೊಬ್ಬಳೇ ಎಂದು ಇಷ್ಟು ವರ್ಷವೂ ಅಂದುಕೊಂಡಿದ್ದೆ.