ನಾಲ್ಕು ದಾರಗಳ ಮೇಲೆ ಕಣ್ಣಿಟ್ಟ ರುದ್ರಮ್ಮ

ಬೆಳಗಿನ ಐದೂಕಾಲು. ತಿ. ನರಸೀಪುರದ ನಿಲ್ದಾಣದಲ್ಲಿ ನಂಜನಗೂಡಿಗೆ ಹೊರಡುವ ಮೊದಲ ಬಸ್ಸು ಇನ್ನೂ ಹಾರ್ನ್ ಮಾಡಿಲ್ಲ. ರುದ್ರಮ್ಮ ಮಹಡಿಯ ಕೋಣೆಯ ಬೀಗ ತೆಗೆದು, ದೀಪ ಹಾಕುವ ಮೊದಲೇ ಕಂಪ್ಯೂಟರಿನ ತಗಡಿನ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೋಡುತ್ತಾರೆ, ರಾತ್ರಿ ಜ್ವರ ಬಂದಿದ್ದ ಮಗುವಿನ ಹಣೆ ಮುಟ್ಟುವಂತೆ. ಆಮೇಲೆ ಗುಂಡಿ ಒತ್ತುತ್ತಾರೆ. ಪೆಟ್ಟಿಗೆಯ ನಾಲ್ಕು ಪುಟ್ಟ ಫ್ಯಾನುಗಳ ಜಾಲರಿಗಳ ಮುಂದೆ ಬೆರಳುದ್ದದ ನಾಲ್ಕು ಹತ್ತಿ ದಾರಗಳು ಜೋತುಬಿದ್ದಿವೆ. ಮುಂದಿನ ಎರಡು ಒಳಗೆಳೆದುಕೊಂಡು ಜಾಲರಿಗೆ ಅಂಟುತ್ತವೆ. ಹಿಂದಿನದೊಂದು ಹೊರಕ್ಕೆ ಹಾರುತ್ತದೆ. ನಾಲ್ಕನೆಯದು ಹಾರುವವರೆಗೆ ಆಕೆ ಉಸಿರು ಬಿಡುವುದಿಲ್ಲ.

ಕಣ್ಣು ಕಾಣದ ಪಿಯುಸಿ ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಸಿ.ಡಿ. ಮಾಡುವ ಕೋಣೆಯಿದು. ಓದುವವರು ನಿವೃತ್ತ ಉಪಾಧ್ಯಾಯಿನಿ ಇಂದ್ರಾಣಿ. ಹೊರಗಿನ ಸದ್ದು ಒಳಗೆ ಬರಬಾರದೆಂದು ಕಿಟಕಿಗಳಿಗೆ ನಾರಿನ ಹಾಸಿಗೆ ಬಡಿದಿದ್ದಾರೆ, ಗೋಡೆಗೆ ಕಂಬಳಿ ಹೊದಿಸಿದ್ದಾರೆ. ಸದ್ದಿನ ಜೊತೆಗೆ ಗಾಳಿಯೂ ಹೊರಗೇ ಉಳಿದಿದೆ. ಮೇಲೆ ಸಿಮೆಂಟ್ ಶೀಟಿನ ಸೂರು. ಬೆಳಿಗ್ಗೆ ಎರಡು ಗಂಟೆ ಓದು, ಹಗಲೆಲ್ಲ ಸಿ.ಡಿ.ಗೆ ಪ್ರತಿ ಇಳಿಸುವ ಕೆಲಸ. ಫೆಬ್ರವರಿಯ ಮಧ್ಯಾಹ್ನಕ್ಕೇ ಆ ಪೆಟ್ಟಿಗೆ ಕಾದ ಹೆಂಚಿನಂತಾಗುತ್ತದೆ. ಮಾರ್ಚಿನಲ್ಲಿ ಪರೀಕ್ಷೆ. ಇತಿಹಾಸದ ಇಪ್ಪತ್ತನಾಲ್ಕು ಪಾಠಗಳಲ್ಲಿ ಹತ್ತೊಂಬತ್ತು ಮುಗಿದಿವೆ.

ನಲವತ್ತೊಂಬತ್ತರ ರುದ್ರಮ್ಮ ಓದಿದ್ದು ಏಳನೆಯ ತರಗತಿ. ರಸ್ತೆಯಾಚೆಯ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಗಂಡ ಶಂಭುಲಿಂಗಪ್ಪನವರ ಜೊತೆ ಇಪ್ಪತ್ತಾರು ವರ್ಷ ತಾಮ್ರದ ತಂತಿ ಸುತ್ತಿದ ಕೈ ಅದು. ಮೂಗೂರಿನ ಪಂಪ್‌ಸೆಟ್ಟು, ಹಿಟ್ಟಿನ ಗಿರಣಿಯ ಮೋಟಾರು, ಮದುವೆ ಛತ್ರದ ಫ್ಯಾನು, ಎಲ್ಲವೂ ಅಲ್ಲಿ ಮರುಜೀವ ಪಡೆದಿವೆ. "ತಿರುಗೋ ಐಟಮ್ಮು ಯಾವ್ದಾರ ತನ್ನಿ, ನೋಡ್ತೀನಿ ಅಂದ್ಬುಟ್ಟೆ. ಆ ಮಾತೇ ನನ್ನ ಇಲ್ಲಿಗ್ ಎಳ್ಕಂಬಂತು ಸಾ," ಎನ್ನುತ್ತಾರೆ.

ಎರಡು ವರ್ಷದ ಹಿಂದೆ ಆಕೆಯನ್ನು ಕರೆಸಿದ್ದು ಗೊಯ್ಯೆನ್ನುವ ಸದ್ದಿಗಾಗಿ. ನಾಲ್ಕು ಫ್ಯಾನುಗಳೂ ಪೂರ್ತಿ ವೇಗದಲ್ಲಿ ತಿರುಗಿ, ಇಂದ್ರಾಣಿಯವರ ಪ್ರತಿ ವಾಕ್ಯದ ಕೆಳಗೂ ಗಿರಣಿಯೊಂದು ಓಡುತ್ತಿರುವಂತೆ ಧ್ವನಿಮುದ್ರಣವಾಗುತ್ತಿತ್ತು. ರುದ್ರಮ್ಮ ನಾಲ್ಕಕ್ಕೂ ಸೇರಿಸಿ ಒಂದೇ ರೆಗ್ಯುಲೇಟರ್ ಕೂಡಿಸಿ ಸಣ್ಣಗೆ ತಿರುವಿದರು. ಕೋಣೆ ಮೌನವಾಯಿತು. ಎಲ್ಲರೂ ಹೊಗಳಿದರು.

ಕಳೆದ ಮಾರ್ಚಿನಲ್ಲಿ, ಪರೀಕ್ಷೆಗೆ ಮುಂಚೆ, ಒಂದು ಮಧ್ಯಾಹ್ನ ಕರೆಂಟು ಹೋಯಿತು, ಗಂಟೆಯ ನಂತರ ಬಂತು. ಕಂಪ್ಯೂಟರು ತಾನಾಗಿ ಚಾಲೂ ಆಯಿತು, ಫ್ಯಾನುಗಳು ಆಗಲಿಲ್ಲ. ಮನೆಯ ಸೀಲಿಂಗ್ ಫ್ಯಾನು ಒಂದರಲ್ಲಿಟ್ಟರೂ ನಿಂತಲ್ಲಿಂದ ಹೇಗೋ ಹೊರಡುತ್ತದೆ. ಈ ಪುಟ್ಟ ಫ್ಯಾನು ಹಾಗಲ್ಲ, ತಿರುಗುತ್ತಿದ್ದರೆ ಸ್ವಲ್ಪವೇ ಕರೆಂಟಿನಲ್ಲೂ ತಿರುಗುತ್ತಿರುತ್ತದೆ, ಒಮ್ಮೆ ನಿಂತರೆ ಏಳುವುದಕ್ಕೆ ಹೆಚ್ಚು ಬೇಕು. ದೊಡ್ಡ ಮೋಟಾರುಗಳ ಇಪ್ಪತ್ತಾರು ವರ್ಷದ ಅನುಭವವೇ ಆಕೆಯ ಕಣ್ಣಿಗೆ ಅಡ್ಡ ನಿಂತಿತ್ತು. ಸಂಜೆ ಬಾಗಿಲು ತೆಗೆದಾಗ ಸುಟ್ಟ ಕಮಟು ವಾಸನೆ. ಪುಸ್ತಕ ಪೂರ್ತಿಯಾಗದೆ ಸಿ.ಡಿ. ಕೊಡಬಾರದೆಂಬುದು ಇಂದ್ರಾಣಿಯವರ ನಿಯಮ. ಹಾಗಾಗಿ ಓದಿ ಮುಗಿಸಿದ್ದ ಹನ್ನೊಂದು ಪಾಠಗಳು ಕಂಪ್ಯೂಟರಿನ ಡಿಸ್ಕಿನೊಳಗೇ ಇದ್ದವು. ಬಿಸಿಗೆ ಕೆಟ್ಟ ಆ ಡಿಸ್ಕಿನ ಜೊತೆಯಲ್ಲೇ ಹೋದವು.

ಆ ಸಿ.ಡಿ.ಗಾಗಿ ಕಾದಿದ್ದ ವಿದ್ಯಾರ್ಥಿನಿ, ತಗಡೂರಿನ ಪವಿತ್ರಾ ಆ ಸಲ ಇತಿಹಾಸದಲ್ಲಿ ನಪಾಸಾದಳು. "ಅವ್ಳು ಒಂದ್ ಮಾತೂ ಅನ್ನಲಿಲ್ಲ. ಬೈದಿದ್ರೆ ವಾಸಿಯಾಗಿತ್ತು," ಎನ್ನುವಾಗ ರುದ್ರಮ್ಮನವರ ಕೈ ಸೀರೆಯ ಸೆರಗನ್ನು ಸುರುಳಿ ಸುತ್ತುತ್ತದೆ.

ಹೊಸ ಡಿಸ್ಕು ಬಂದ ಮೇಲೆ ಆಯ್ಕೆಯ ಸಂಕಟ ಶುರುವಾಯಿತು. ಪೂರ್ತಿ ವೇಗಕ್ಕೆ ಬಿಟ್ಟರೆ ಸದ್ದು. ಸಣ್ಣಗಿಟ್ಟರೆ ಮತ್ತೆ ಅದೇ ಭಯ. ಬಿಸಿಯನ್ನು ಕಂಡು ತಾನೇ ವೇಗ ಬದಲಿಸುವ ಸಾಧನವೊಂದನ್ನು ಮೈಸೂರಿನಿಂದ ತರಿಸಿ ಒಂದು ವಾರ ನೋಡಿದರು. ತಂದಿಟ್ಟ ದಿನವೇ ಶಂಭುಲಿಂಗಪ್ಪ ಛೇಡಿಸಿದ್ದರು: "ಏನಮ್ಮಿ, ಅದುನ್ನೇ ನೋಡ್ಕಂಡ್ ಕುಂತಿದ್ದೀಯ, ಗಂಡ ಕಾಫಿ ಕೇಳಿದ್ದು ಕೇಳಿಸ್ಲಿಲ್ವಾ?" ಆಕೆ, "ಫ್ಯಾನಿನ ಸದ್ದು ಕೇಳ್ತಾ ಇವ್ನಿ, ನಿಮ್ದು ಆಮೇಲೆ," ಎಂದಿದ್ದರು.

ತೀರ್ಪು ಹೇಳಲು ಪವಿತ್ರಾಳನ್ನೇ ಕರೆಸಿದರು. ಮೂರು ಬಗೆಯಲ್ಲಿ ಒಂದೇ ಪುಟವನ್ನು ಧ್ವನಿಮುದ್ರಿಸಿ ಕೇಳಿಸಿದರು. ಪವಿತ್ರಾ ತಲೆ ವಾರೆ ಮಾಡಿ ಕೇಳಿ ಹೇಳಿದಳು: "ಸಣ್ಣ ಸದ್ದು ಒಂದೇ ಸಮ ಇದ್ರೆ ಪರವಾಗಿಲ್ಲ ಅತ್ತೆ, ಆಮೇಲಾಮೇಲೆ ಮರ್ತೋಯ್ತದೆ. ಈ ಮೈಸೂರುದು ಏರ್ತದೆ, ಇಳೀತದೆ. ಯಾರೋ ಬಾಗ್ಲತಾವ ಬಂದು ನಿಂತಂಗಾಯ್ತದೆ. ಪಾಠ ಬಿಟ್ಟು ಅತ್ತಗೆ ಕಿವಿ ಓಯ್ತದೆ."

ಅಲ್ಲಿಗೆ ದಾರಿ ಕಂಡಿತು. ಡಿಸ್ಕಿನ ಎದುರಿನ ಫ್ಯಾನಿಗೆ ರೆಗ್ಯುಲೇಟರೇ ಇಲ್ಲ, ಅದು ಸದಾ ಪೂರ್ತಿ. ಉಳಿದ ಮೂರಕ್ಕೆ ಬೇರೆ ಬೇರೆ ತಿರುಪುಗಳು. "ಎಲ್ಲಾ ಒಂದ್ ತಾಯಿ ಮಕ್ಳಲ್ಲ ಸಾ. ಒಂದು ಬೇಗ ಏಳ್ತದೆ, ಒಂದು ಸೋಂಬೇರಿ." ಪ್ರತಿಯೊಂದನ್ನೂ ನಿಲ್ಲಿಸಿ, ಮತ್ತೆ ಹಚ್ಚಿ, ನಿಂತಲ್ಲಿಂದ ಏಳುವ ಜಾಗವನ್ನು ನಲವತ್ತು ಸಲ ಪರೀಕ್ಷಿಸಿ, ಅದಕ್ಕಿಂತ ಕೆಳಗೆ ತಿರುಪು ಹೋಗದಂತೆ ಹಿತ್ತಾಳೆಯ ಮೊಳೆ ಹೊಡೆದಿದ್ದಾರೆ. ಕಣ್ಣಿಗೆ ಸಾಕ್ಷಿಯಾಗಿ ವೈಂಡಿಂಗ್ ಕಟ್ಟುವ ಹತ್ತಿ ದಾರ.

ಆದರೂ ನೆಮ್ಮದಿಯಿಲ್ಲ. ನರಸೀಪುರದಲ್ಲಿ ಕರೆಂಟು ಹೋದಾಗ ಜನ ಗೊಣಗುತ್ತಾರೆ, ಬಂದಾಗ ಹಗುರಾಗುತ್ತಾರೆ. ರುದ್ರಮ್ಮ ಹೆದರುವುದು ಬಂದಾಗ. ಅಂಗಡಿಯ ಬಲ್ಬು ಹೊತ್ತಿದ ಕೂಡಲೇ ಸುತ್ತುತ್ತಿದ್ದ ಕಾಯಿಲನ್ನು ಹಾಗೇ ಬಿಟ್ಟು ರಸ್ತೆ ದಾಟಿ ಓಡುತ್ತಾರೆ. ಇಪ್ಪತ್ತೆರಡು ಮೆಟ್ಟಿಲು. ದಿನಕ್ಕೆ ಐದು ಸಲ, ಕೆಲವು ದಿನ ಎಂಟು. ಮಂಡಿ ಊದಿಕೊಂಡಿದೆ. "ಮೊಳೆ ಹೊಡೆದಿದ್ದೀಯಲ್ಲ ರುದ್ರಮ್ಮ, ಇನ್ಯಾಕೆ ಓಡ್ತೀಯ?" ಎಂದು ಇಂದ್ರಾಣಿ ಗದರುತ್ತಾರೆ. "ಓದ್ಸಲನೂ ನಂಬಿದ್ದೆ ಮೇಡಮ್," ಎಂಬುದೇ ಉತ್ತರ.

ಇಂದೂ ಮಧ್ಯಾಹ್ನ ಎರಡೂವರೆಗೆ ಕರೆಂಟು ಬರುತ್ತದೆ. ರುದ್ರಮ್ಮ ಮೆಟ್ಟಿಲು ಹತ್ತಿ ಏದುಸಿರಿನಲ್ಲಿ ಬಾಗಿಲು ತಳ್ಳುತ್ತಾರೆ. ಮುಗಿದ ಪಾಠಗಳ ಸಿ.ಡಿ. ಒಯ್ಯಲು ಬಂದ ಪವಿತ್ರಾ ಒಳಗೆ ಕುರ್ಚಿಯಲ್ಲಿ ಕುಳಿತಿದ್ದಾಳೆ. ಕಳೆದ ವರ್ಷದ ಪಾಠ ಕಲಿತ ಇಂದ್ರಾಣಿ ಈಗ ಪಾಠ ಮುಗಿದಂತೆಲ್ಲ ಸಿ.ಡಿ. ಕೊಟ್ಟುಬಿಡುತ್ತಾರೆ.

"ನಾಕೂ ಎದ್ವು ಅತ್ತೆ," ಎನ್ನುತ್ತಾಳೆ ಹುಡುಗಿ. "ಮೊದ್ಲು ದೊಡ್ಡ ಸದ್ದಿಂದು, ಆಮೇಲೆ ಎರಡು ಜೊತೇಲಿ. ಸೋಂಬೇರಿ ಕೊನೇಗೆ. ಕೇಳ್ಕಂಡು ಎಣಿಸ್ದೆ."

ರುದ್ರಮ್ಮ ದಾರಗಳತ್ತ ನೋಡುತ್ತಾರೆ. ಎರಡು ಜಾಲರಿಗೆ ಅಂಟಿವೆ, ಎರಡು ಹಾರುತ್ತಿವೆ. ಆಕೆ ಮೊದಲ ಸಲ ಆ ಕೋಣೆಯ ನೆಲದ ಮೇಲೆ ಕಾಲು ಚಾಚಿ ಕೂರುತ್ತಾರೆ.

ಏನಾಗಬೇಕು ನಿಮಗೆ ಎಂದು ಕೇಳಿದರೆ ಮಂಡಿ ನೀವಿಕೊಳ್ಳುತ್ತಾ ಹೇಳುತ್ತಾರೆ: "ಇನ್ನೈದು ಪಾಠ ಮುಗೀಲಿ. ಆಮೇಲೆ ಈ ಐಕ್ಳು ಸಿ.ಡಿ. ಆಕ್ಕಂಡು ಕೇಳ್ವಾಗ ಮೇಡಮ್ಮವ್ರ ದನಿ ಒಂದೇ ಕೇಳ್ಬೇಕು. ನನ್ನ ಕೆಲ್ಸ ಯಾರ್ ಕಿವಿಗೂ ಬೀಳ್ಬಾರ್ದು ಸಾ."