ಶಿವಲೀಲಾಗೆ ನಾನು ಹಾಕಿದ ಅಂಕ

ನನ್ನ ಸಂದರ್ಶನಕ್ಕೆ ಕುಳಿತಿದ್ದ ನಾಲ್ವರಲ್ಲಿ ಒಬ್ಬಾಕೆ, ಹತ್ತು ನಿಮಿಷದ ಹಿಂದೆ ಹೊರಗಿನ ನೆಲ ಒರೆಸುತ್ತಿದ್ದವಳು. ಕಾಲು ಜಾರೀತು, ಗೋಡೆ ಬದಿಗೆ ಬನ್ನಿ ಎಂದು ನನ್ನನ್ನು ಸರಿಸಿದ್ದಳು. ಒಳಗೆ ಕರೆದಾಗ ನೋಡುತ್ತೇನೆ, ಡಾಕ್ಟರ ಎಡಕ್ಕೆ ಕುರ್ಚಿ ಹಾಕಿಕೊಂಡು ಕುಳಿತಿದ್ದಾಳೆ. ಉಳಿದವರ ಹತ್ತಿರ ಇದ್ದಂಥದ್ದೇ ಹಾಳೆ, ಪೆನ್ನು ಅವಳ ಹತ್ತಿರವೂ ಇದೆ. ನಾನು ತಪ್ಪು ಕೋಣೆಗೆ ಬಂದೆನೇನೋ ಎಂದು ಬಾಗಿಲಲ್ಲೇ ನಿಂತೆ. ಅವಳು "ಉಕ್ಕಾರುಮ್ಮಾ" ಎಂದಳು. ಅದು ತಮಿಳಿನಲ್ಲಿ ಕೂತುಕೋ ಎಂದು ಅರ್ಥ ಅಂತ ಅವಳು ಕುರ್ಚಿ ತೋರಿಸಿದ ಮೇಲೆ ತಿಳಿಯಿತು.

ಹಲಸೂರು ಕೆರೆಯಿಂದ ಐದು ನಿಮಿಷ ನಡೆದರೆ ಸಿಗುವ ಸಣ್ಣ ಆಸ್ಪತ್ರೆ ಅದು. ನಾನು ವಿಜಯಪುರದಲ್ಲಿ ಆರು ವರ್ಷ ಡಯಾಲಿಸಿಸ್ ಟೆಕ್ನಿಷಿಯನ್ ಆಗಿದ್ದವಳು. ಮೂತ್ರಪಿಂಡ ಕೆಟ್ಟವರನ್ನು ಯಂತ್ರಕ್ಕೆ ಜೋಡಿಸಿ, ನಾಲ್ಕು ತಾಸು ರಕ್ತ ಶುದ್ಧ ಮಾಡಿಸಿ ಮನೆಗೆ ಕಳಿಸುವ ಕೆಲಸ. ಅಲ್ಲಿ ಕೆಲಸಕ್ಕೆ ಸೇರುವಾಗ ನನ್ನನ್ನು ಕೇಳಿದವರು ಡಾಕ್ಟರು ಒಬ್ಬರೇ, ಕೇಳಿದ್ದೂ ಒಂದೇ: ಯಾರ ಪೈಕಿ? ಸೋದರಮಾವನ ಹೆಸರು ಹೇಳಿದೆ. ಮರುದಿನ ಬಾ ಎಂದರು. ಆ ಡಾಕ್ಟರಿಗೆ ವಯಸ್ಸಾಗಿ ಘಟಕ ಮುಚ್ಚಿದ್ದರಿಂದಲೇ ನಾನು ಇಷ್ಟು ದೂರ ಬಂದದ್ದು. ಇಲ್ಲೂ ಮಾವನ ಹೆಸರು ನಾಲಿಗೆಯ ತುದಿಯಲ್ಲಿತ್ತು. ಯಾರೂ ಕೇಳಲಿಲ್ಲ.

ಪ್ರಶ್ನೆ ಕೇಳಿದ್ದು ನೆಲ ಒರೆಸುತ್ತಿದ್ದ ಆಕೆಯೇ, ಸೆಲ್ವಿ ಅಕ್ಕ. "ಮೆಷಿನ್ ಮೇಲೆ ಇರುವಾಗ ಪೇಷಂಟು ಅಳ್ತಾ ಇದ್ರೆ ನೀವು ಏನ್ ಮಾಡ್ತೀರಾ?"

ಆರು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಹಾಕಿರಲಿಲ್ಲ. ಪುಸ್ತಕದಲ್ಲೂ ಇದಕ್ಕೆ ಉತ್ತರವಿಲ್ಲ. ಮಾಡುತ್ತಿದ್ದುದನ್ನೇ ಹೇಳಿದೆ: "ನೋಡ್ಲಾರದಂಗ ಇರ್ತೀನ್ರಿ. ಕಾಲ ಮ್ಯಾಲಿನ ಹೊದಿಕಿ ಸರಿ ಮಾಡಿ ಅಲ್ಲೇ ನಿಂತಿರ್ತೀನಿ." ಅವಳು ಹಾಳೆಯ ಮೇಲೆ ಏನೋ ಬರೆದುಕೊಂಡಳು.

ಕೆಲಸ ಸಿಕ್ಕಿತು. ಘಟಕದ ಇನ್‌ಚಾರ್ಜ್ ಜೆಸಿಂತಾ ಮೇಡಂ ಆಮೇಲೆ ವಿವರಿಸಿದರು: ಹೊಸಬರ ಪಕ್ಕದಲ್ಲಿ ದಿನವಿಡೀ ನಿಲ್ಲಬೇಕಾದವರೇ ಹೊಸಬರನ್ನು ಆರಿಸುವುದು ಇಲ್ಲಿಯ ಪದ್ಧತಿ. ಪ್ರತಿ ಸಲ ಸಿಬ್ಬಂದಿಯಲ್ಲಿ ಇಬ್ಬರು ಕೂರುತ್ತಾರೆ. ಕೂಡಿಸುವವರೆಗೆ ಒಬ್ಬರು ಹಾಕಿದ ಅಂಕ ಇನ್ನೊಬ್ಬರಿಗೆ ತೋರಿಸುವಂತಿಲ್ಲ. ಇದು ಒಳ್ಳೆಯದೋ ಕೆಟ್ಟದ್ದೋ ನನಗೆ ಅರ್ಥವಾಗಲಿಲ್ಲ. ನೆಲ ಒರೆಸುವವಳ ಒಪ್ಪಿಗೆಯಿಂದ ಕೆಲಸಕ್ಕೆ ಸೇರಿದೆ ಎಂದು ಊರಿಗೆ ಹೇಗೆ ಹೇಳುವುದು? ಹೇಳಲಿಲ್ಲ.

ಲಿಂಗರಾಜಪುರದಲ್ಲಿ ಮಹಡಿಯ ಮೇಲೆ ಒಂದು ಕೋಣೆ ಹಿಡಿದೆ. ಮನೆಯೊಡತಿ ಮುನಿಯಮ್ಮನವರು ಕಿಟಕಿಯಿಂದ ಕೈಚಾಚಿ, ಬಸ್ಸು ಓಡಾಡುವ ರಸ್ತೆಯನ್ನು ತೋರಿಸಿ, ಅಲ್ಲೇ ನಮ್ಮತ್ತೆ ರಾಗಿ ಕಳೆ ಕೀಳ್ತಿದ್ದಿದ್ದು ಎಂದರು. ಊರು ಬಿಟ್ಟು ಬಂದವಳು ನಾನೋ, ಊರೇ ಅವರನ್ನು ಬಿಟ್ಟು ಹೋಗಿತ್ತೋ ತಿಳಿಯಲಿಲ್ಲ. ಜೋಳದ ರೊಟ್ಟಿ ತಟ್ಟುವ ಸದ್ದಿಗೆ ಮೊದಲ ವಾರ ಅವರು ಎರಡು ಸಲ ಮೇಲೆ ಬಂದು ನೋಡಿದರು. ಮೂರನೇ ಸಲ ತಟ್ಟೆ ಹಿಡಿದೇ ಬಂದರು. ನನ್ನ ಕನ್ನಡ ಮಾತ್ರ ಎಲ್ಲಕ್ಕಿಂತ ಹೆಚ್ಚು ಕೈಕೊಟ್ಟಿತು. ನಮ್ಮ ಕಡೆ ಮಲಗಿಕೊಳ್ಳಿ ಎನ್ನುವುದಕ್ಕೆ "ಅಡ್ಡಾಗ್ರಿ" ಎನ್ನುತ್ತೇವಲ್ಲ, ಹಾಗೆಂದು ಒಬ್ಬ ರೋಗಿಗೆ ಹೇಳಿದರೆ, ತಾನು ಯಾರಿಗೋ ಅಡ್ಡ ಬಂದೆನೆಂದು ಪಾಪ ಗೋಡೆಗೆ ಒತ್ತಿ ನಿಂತರು. ತಮಿಳು, ಉರ್ದು ಬರುವುದಿಲ್ಲ ಎಂಬುದು ಗೊತ್ತಿತ್ತು. ಕನ್ನಡವೂ ಬರುವುದಿಲ್ಲ ಎಂದು ಇಲ್ಲಿ ಗೊತ್ತಾಯಿತು.

ಹತ್ತನೇ ತಿಂಗಳಲ್ಲಿ ಜೆಸಿಂತಾ ಮೇಡಂ ಈ ಸಲ ನೀವೂ ಕೂರಿ ಎಂದರು. ಡಾಕ್ಟರು, ಮೇಡಂ, ಸೆಲ್ವಿ ಅಕ್ಕ, ನಾನು. ಇರುವುದೊಂದು ಜಾಗ, ಕರೆದದ್ದು ಇಬ್ಬರನ್ನು: ಕೆ.ಆರ್.ಪುರದ ಮಂಜುನಾಥ ಎಂಬಾತ, ಮತ್ತು ನಮ್ಮ ಸಿಂದಗಿಯ ಶಿವಲೀಲಾ.

ಎರಡು ದಿನ ಮುಂಚೆ ಸೋದರಮಾವನ ಫೋನು ಬಂದಿತ್ತು. ಹುಡುಗಿ ನಮ್ಮ ಪೈಕಿ, ನೀನು ಅಲ್ಲಿದ್ದೀ ಎಂಬ ಧೈರ್ಯದಿಂದಲೇ ಕಳಿಸುತ್ತಿದ್ದೇವೆ ಎಂದ. ನಾನು ಹೂಂ ಎಂದೆ. ಆ ಹೂಂ ಯಾತಕ್ಕೆ ಅಂದೆ ಎಂದು ಇಂದಿಗೂ ನನಗೆ ತಿಳಿದಿಲ್ಲ. ಆಸ್ಪತ್ರೆಯಲ್ಲಿ ಯಾರಿಗೂ ಈ ಮಾತು ಹೇಳಲಿಲ್ಲ.

ಶಿವಲೀಲಾ ಒಳಗೆ ಬಂದವಳೇ ನನ್ನನ್ನು ನೋಡಿ "ಅಕ್ಕಾರ" ಎಂದು ಮುಖ ಅರಳಿಸಿದಳು. ಮೂವರೂ ನನ್ನ ಕಡೆ ತಿರುಗಿದರು. ಅಲ್ಲಿಂದ ಮುಂದೆ ಅವಳು ಹೇಳಿದ್ದು ಯಾವುದೂ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. ಅವಳ ಒಂದೆರಡು ಮಾತು ಡಾಕ್ಟರಿಗೆ ಅರ್ಥವಾಗದೆ, ಏನಂದರು ಎಂದು ನನ್ನನ್ನು ಕೇಳಿದರು. ಚೆನ್ನಾಗಿ ತಿಳಿಸಿ ಹೇಳಿದರೆ ನಮ್ಮವಳೆಂದು ಎತ್ತಿ ಹಿಡಿದೆ ಅಂದುಕೊಂಡಾರೆಂದು ಅರ್ಧಕ್ಕೇ ನಿಲ್ಲಿಸಿದೆ. ಅವಳು ಕಾಯುತ್ತಾ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಹತ್ತಕ್ಕೆ ಎಷ್ಟು ಎಂದು ಬರೆಯುವಾಗ ನಾಲ್ಕು ಬರೆದೆ. ಮಂಜುನಾಥನಿಗೆ ಎಂಟು.

ಮೇಡಂ ಕೂಡಿಸಿದರು. ಒಂದೇ ಅಂಕದಿಂದ ಮಂಜುನಾಥ ಮುಂದಿದ್ದ.

"ನಾವು ಮೂರೂ ಜನ ಆ ಹುಡ್ಗಿಗೇ ಜಾಸ್ತಿ ಹಾಕಿದೀವಿ," ಎಂದರು ಮೇಡಂ. "ಆದ್ರೆ ನಿಮ್ ಕಡೆಯೋರು, ನಿಮ್ಗೆ ಚೆನ್ನಾಗಿ ಗೊತ್ತಿರತ್ತೆ. ನೀವೇ ನಾಲ್ಕು ಅಂದ್ರೆ ಏನೋ ಇರ್ಬೇಕು."

ಸೆಲ್ವಿ ಅಕ್ಕ ಮಾತ್ರ ಬೇಜಾರಾದಳು. ಹೊರಗೆ ಕಾಯುತ್ತಿದ್ದಾಗ, ಡಯಾಲಿಸಿಸ್ ಮುಗಿಸಿ, ಸೂಜಿ ಚುಚ್ಚಿದ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮುದುಕರೊಬ್ಬರು ಬಗ್ಗಲಾರದೆ ಒದ್ದಾಡುತ್ತಿದ್ದರಂತೆ. ಶಿವಲೀಲಾ ತನ್ನ ಫೈಲು ನೆಲಕ್ಕಿಟ್ಟು, ಅವರ ಕಾಲಿಗೆ ಚಪ್ಪಲಿ ತೊಡಿಸಿ, ಪಟ್ಟಿಯಿಂದ ರಕ್ತ ಒಸರುತ್ತಿಲ್ಲವಲ್ಲ ಎಂದು ನೋಡಿ ಕಳಿಸಿದಳಂತೆ. ಯಾರಾದರೂ ನೋಡಲಿ ಅಂತ ಮಾಡಿದ್ದಲ್ಲ, ಅಲ್ಲಿ ಇದ್ದದ್ದು ನಾನೊಬ್ಬಳೇ ಎಂದಳು ಸೆಲ್ವಿ ಅಕ್ಕ.

ನಾನು ಎದ್ದು ಘಟಕಕ್ಕೆ ಹೋಗಿ ಒಂದು ಯಂತ್ರ ಸಿದ್ಧಮಾಡಿದೆ. ಸೂಜಿ ಕೈಗೆ ತೆಗೆದುಕೊಂಡೆ, ಚುಚ್ಚಲಿಲ್ಲ. ಸೂಜಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಡಾಕ್ಟರ ಕೋಣೆಗೆ ಮರಳಿದೆ. ಮೂವರೂ ಇನ್ನೂ ಅಲ್ಲೇ ಇದ್ದರು.

"ಊರಿಂದ ನಮ್ಮ ಮಾವ ಫೋನ್ ಮಾಡಿದ್ದರಿ," ಎಂದೆ. "ಪಕ್ಷಪಾತ ಮಾಡ್ದೆ ಅಂದೀರಿ ಅಂತ ಅಂಜಿ ಕಡಿಮಿ ಹಾಕೀನಿ. ಆಕಿ ಏನಂದ್ಲು ಅಂತನೂ ನಾ ಸರಿಯಾಗಿ ಕೇಳಿಲ್ಲ."

ಬೈಯುತ್ತಾರೆ, ಕೆಲಸವೇ ಹೋಗುತ್ತದೆ ಎಂದುಕೊಂಡಿದ್ದೆ. ಮೇಡಂ ಹೇಳಿದ್ದು ಇಷ್ಟೇ: "ಫೋನ್ ಬಂದಿದ್ನ ಮೊದ್ಲೇ ಹೇಳ್ಬೇಕಿತ್ತು. ಹೇಳಿದ್ರೆ ಈ ಸಲ ನಿಮ್ನ ಕೂರಿಸ್ತಾ ಇರ್ಲಿಲ್ಲ, ಅಷ್ಟೇ." ಡಾಕ್ಟರು ಇಬ್ಬರಿಗೂ ನಾನು ಹಾಕಿದ್ದ ಅಂಕಗಳ ಮೇಲೆ ಗೆರೆ ಎಳೆದರು. ಉಳಿದ ಮೂವರ ಲೆಕ್ಕದಲ್ಲಿ ಕೆಲಸ ಶಿವಲೀಲಾಳದಾಯಿತು. ಮಂಜುನಾಥನ ನೆನಪು ಬಂದಾಗ ಈಗಲೂ ಕಸಿವಿಸಿಯಾಗುತ್ತದೆ. ಅವನಿಗೆ ಹಾಕಿದ ಎಂಟೂ ಅವನದಲ್ಲ. ಅವಳ ನಂತರ ಬಂದ ಅವನ ಉತ್ತರಗಳನ್ನೂ ನಾನು ಕೇಳಿಸಿಕೊಂಡಿರಲಿಲ್ಲ.

ಊರಲ್ಲಿ ನನ್ನ ಹೆಸರು ದೊಡ್ಡದಾಯಿತು. ನಮ್ಮವರು ಅಂದರೆ ಹೀಗಿರಬೇಕು ಎಂದು ಮಾವ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ. ನಾನು ಏನೂ ಮಾಡಿಲ್ಲ ಎಂದರೆ ಅವ್ವ ಅದನ್ನು ವಿನಯ ಎಂದುಕೊಂಡಳು. ಇಲ್ಲಿಯವರಿಗೆ ನಾನು ನಾಲ್ಕು ಹಾಕಿದವಳು, ಅಲ್ಲಿಯವರಿಗೆ ಕೆಲಸ ಕೊಡಿಸಿದವಳು. ಆ ಎರಡೂ ನಾನಲ್ಲ, ಆದರೆ ಎರಡನ್ನೂ ಅಲ್ಲ ಎನ್ನಲಾರೆ.

ಶಿವಲೀಲಾ ಸೇರಿದ ಮೊದಲ ವಾರ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ಡಬ್ಬಿ ತಂದುಕೊಟ್ಟು, ನಿಮ್ಮಿಂದಾತು ಅಕ್ಕಾರ ಎಂದಳು. ಆ ಡಬ್ಬಿಯ ಮುಚ್ಚಳ ತೆರೆಯಲು ಮನಸ್ಸಾಗಲಿಲ್ಲ. ಅಂದು ಸಂಜೆ ಕೆರೆಯ ಬದಿ ಅವಳನ್ನು ಕೂರಿಸಿಕೊಂಡು ನಡೆದದ್ದೆಲ್ಲ ಹೇಳಿದೆ.

"ನಮ್ಮೂರಾಗಿದ್ರ ನೀವು ಹಿಂಗ ಮಾಡ್ತಿದ್ರೇನ್ರಿ?" ಎಂದು ಕೇಳಿದಳು.

"ನಮ್ಮೂರಾಗ ನನ್ನ ಯಾರು ಕೇಳ್ತಿದ್ರವ್ವ," ಎಂದೆ.

ಬಸ್ಸು ಬಂತೆಂದು ಎದ್ದಳು. ಮರುದಿನದಿಂದ ನನ್ನನ್ನು ಮೇಡಂ ಎನ್ನುತ್ತಾಳೆ. ಕೆಲಸದಲ್ಲಿ ಅವಳ ಕೈ ನನ್ನದಕ್ಕಿಂತ ಹಗುರ, ರೋಗಿಗಳು ಅವಳನ್ನೇ ಕೇಳಿ ಕರೆಸಿಕೊಳ್ಳುತ್ತಾರೆ. ಒಂದು ಹಾಸಿಗೆಯ ಆಚೆ ಈಚೆ ನಿಂತು ನಾವಿಬ್ಬರೂ ಊರಿನ ಮಾತಿನಲ್ಲೇ ಕೆಲಸ ಮಾಡುತ್ತೇವೆ. ಅದರ ನಡುವೆ ಆ ಮೇಡಂ ಎಂಬ ಮಾತು ಮಾತ್ರ ಪರವೂರಿನದು.

ಹೋದ ವಾರ ಹೊಸ ರೋಗಿಯ ಹೆಂಡತಿ ನನ್ನ ಮಾತಿನ ಧಾಟಿ ಕೇಳಿ, ಇವರು ಯಾವ ಕಡೆಯವರು ಎಂದು ಸೆಲ್ವಿ ಅಕ್ಕನನ್ನು ವಿಚಾರಿಸಿದರು. ಸೆಲ್ವಿ ಅಕ್ಕ ಒರೆಸುವುದು ನಿಲ್ಲಿಸದೆಯೇ, "ನಮ್ಮ ಪೊಣ್ಣು" ಎಂದಳು. ಪೊಣ್ಣು ಅಂದರೆ ಹುಡುಗಿ. ನಮ್ಮ ಎಂಬುದಕ್ಕೆ ಎರಡು ಭಾಷೆಯಲ್ಲೂ ಒಂದೇ ಅರ್ಥ, ಯಾರನ್ನೂ ಕೇಳಬೇಕಿಲ್ಲ. ಹಾಸಿಗೆಯ ಆಚೆ ಬದಿಯಲ್ಲಿ ಶಿವಲೀಲಾ ತಲೆ ಎತ್ತಿ ನನ್ನನ್ನು ನೋಡಿದಳು. ಆ ಮಾತನ್ನು ತಿದ್ದಲು ಹೋಗದೆ, ನಾನು ರೋಗಿಯ ತೋಳು ಹಿಡಿದು ಪಟ್ಟಿ ಸುತ್ತತೊಡಗಿದೆ.